ಒಂದು ಮೋಟರ್‌ಹೋಮ್, ಮೂರು ಕಂಪನಿ: ವೈರಿಂಗ್ ದೋಷಕ್ಕೆ ಹೊಣೆ ಯಾರು?

ಅಮೆರಿಕದಲ್ಲಿ ಮೋಟರ್‌ಹೋಮ್, ಅಂದರೆ ಅಡುಗೆ ಮಾಡಿ ಮಲಗಲು ಅನುಕೂಲವಿರುವ ಗಾಡಿ, ಇಟ್ಟುಕೊಂಡವರ ಮನೆಗೆ ಒಂದೇ ಗಾಡಿಯ ಬಗ್ಗೆ ಬೇರೆ ಬೇರೆ ಕಂಪನಿಗಳಿಂದ ರಿಕಾಲ್ ಪತ್ರ (ದೋಷವಿದೆ, ತಂದು ರಿಪೇರಿ ಮಾಡಿಸಿ ಅನ್ನುವ ಪತ್ರ) ಬರುವುದುಂಟು. ಎಂಜಿನ್, ಬ್ರೇಕ್, ಚಾಸಿ ಬಗ್ಗೆ ಫೋರ್ಡ್ ಬರೆಯುತ್ತದೆ. ಚಾಸಿ ಮೇಲೆ ಕಟ್ಟಿದ ಮನೆಯ ವೈರಿಂಗ್ ಬಗ್ಗೆ ವಿನ್ನೆಬಾಗೋ ಅಥವಾ ಥೋರ್ ಮೋಟರ್ ಕೋಚ್ ಬರೆಯುತ್ತದೆ. ಒಳಗಿನ ಫ್ರಿಜ್‌ನಲ್ಲಿ ದೋಷವಿದ್ದರೆ ಫ್ರಿಜ್ ಮಾಡಿದವರೂ ಬರೆಯಬಹುದು. ಮೂರೂ ಪತ್ರ ಸರಿಯಾದ ಕೈ ಸೇರಿದರೆ ಪುಣ್ಯ. ಎಷ್ಟೋ ಸಲ ಗಾಡಿ ಅಷ್ಟರಲ್ಲಿ ಎರಡನೆಯ, ಮೂರನೆಯ ಮಾಲೀಕರ ಬಳಿ ಹೋಗಿರುತ್ತದೆ. ಪತ್ರ ಮೊದಲಿನವರ ಮನೆಗೆ ಹೋಗಿ ಕಸದ ಬುಟ್ಟಿ ಸೇರುತ್ತದೆ.

ಇದು ಬರೀ ಕಾಗದಪತ್ರದ ತಾಪತ್ರಯ ಅಲ್ಲ. ವೈರಿಂಗ್ ದೋಷ ಅಂದರೆ ಕೊನೆಗೆ ಬೆಂಕಿ. ಕಾರಿನಲ್ಲಿ ಹೊಗೆ ಕಂಡರೆ ಪಕ್ಕಕ್ಕೆ ನಿಲ್ಲಿಸಿ ಇಳಿದುಬಿಡಬಹುದು. ಮೋಟರ್‌ಹೋಮ್‌ನಲ್ಲಿ ರಾತ್ರಿ ಜನ ಮಲಗಿರುತ್ತಾರೆ. ಗೋಡೆ ತೆಳ್ಳಗಿನ ಪ್ಲೈವುಡ್ ಮತ್ತು ಫೋಮ್. ಕೆಳಗೆ ಪೆಟ್ರೋಲ್ ಟ್ಯಾಂಕ್, ಪಕ್ಕದಲ್ಲಿ ಅಡುಗೆಗೆ ಮತ್ತು ಹೀಟರ್‌ಗೆ ಪ್ರೊಪೇನ್ ಗ್ಯಾಸ್. ಸಾಮಾನ್ಯವಾಗಿ ಹತ್ತಿ ಇಳಿಯಲು ಒಂದೇ ಬಾಗಿಲು. ಇನ್ನೊಂದು ದಾರಿ ಅಂದರೆ ಹಾಸಿಗೆ ಪಕ್ಕದ ಎಮರ್ಜೆನ್ಸಿ ಕಿಟಕಿ. ಅದನ್ನು ಒಮ್ಮೆಯಾದರೂ ತೆಗೆದು ನೋಡಿದವರು ಕಡಿಮೆ.

ಅಮೆರಿಕದ ರಿಕಾಲ್ ಕಾನೂನಿನ ಬೇರು 1966ರ ವಾಹನ ಸುರಕ್ಷತಾ ಕಾಯ್ದೆಯಲ್ಲಿದೆ. ಅದನ್ನು ಜಾರಿ ಮಾಡುವುದು ಎನ್‌ಎಚ್‌ಟಿಎಸ್‌ಎ ಅನ್ನುವ ಹೆದ್ದಾರಿ ಸುರಕ್ಷತಾ ಇಲಾಖೆ. ಆ ವ್ಯವಸ್ಥೆ ಕಾರಿಗೆ ಚೆನ್ನಾಗಿ ಒಗ್ಗುತ್ತದೆ. ಮಾಡಿದವರು ಒಬ್ಬರು, ನಂಬರ್ ಒಂದು, ಜವಾಬ್ದಾರಿಯೂ ಒಬ್ಬರದೇ. ಮೋಟರ್‌ಹೋಮ್ ಹಾಗಲ್ಲ. ಅಲ್ಲಿ ಕರೆಂಟಿನ ದೋಷ ಹೆಚ್ಚಾಗಿ ಹುಟ್ಟುವುದೇ ಒಬ್ಬರ ಕೆಲಸ ಮುಗಿದು ಇನ್ನೊಬ್ಬರ ಕೆಲಸ ಶುರುವಾಗುವ ಜಾಗದಲ್ಲಿ. ಕಾನೂನಿನ ಹಿಡಿತ ಸಡಿಲವಾಗುವುದೂ ಸರಿಯಾಗಿ ಅಲ್ಲೇ. ನನ್ನ ತಕರಾರು ಇಷ್ಟೇ.

ಗಾಡಿ ಹೇಗೆ ತಯಾರಾಗುತ್ತದೆ ಅಂತ ನೋಡಿದರೆ ವಿಷಯ ಬೇಗ ಅರ್ಥವಾಗುತ್ತದೆ. ಅಮೆರಿಕದ ಬಹುಪಾಲು ಆರ್‌ವಿಗಳು (ಮೋಟರ್‌ಹೋಮ್ ಮತ್ತು ಎಳೆದುಕೊಂಡು ಹೋಗುವ ಮನೆಯಂಥ ಟ್ರೈಲರ್ ಎರಡಕ್ಕೂ ಇರುವ ಹೆಸರು) ಹುಟ್ಟುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ. ಫೋರ್ಡ್ ಇ-450 ತರಹದ ಗಾಡಿ ಮುಂದಿನ ಕ್ಯಾಬಿನ್ ಮತ್ತು ಹಿಂದೆ ಬೋಳು ಚಾಸಿಯೊಂದಿಗೆ ಅಲ್ಲಿಗೆ ಬರುತ್ತದೆ. ಮರ್ಸಿಡಿಸ್ ಸ್ಪ್ರಿಂಟರ್, ರ್‍ಯಾಮ್ ಪ್ರೋಮಾಸ್ಟರ್, ಫ್ರೈಟ್‌ಲೈನರ್ ಚಾಸಿಗಳೂ ಬರುತ್ತವೆ. ಅದರ ಮೇಲೆ ನೆಲ, ಗೋಡೆ, ಚಾವಣಿ ಕೂರಿಸುತ್ತಾರೆ. ಫ್ರಿಜ್, ಎಸಿ, ಮೈಕ್ರೋವೇವ್, ಜನರೇಟರ್, ಇನ್ವರ್ಟರ್, ಸೋಲಾರ್ ಪ್ಯಾನೆಲ್ ಎಲ್ಲವೂ ಬೇರೆ ಬೇರೆ ಸರಬರಾಜುದಾರರ ಮಾಲು.

ಕಾರಿನ ಫ್ಯಾಕ್ಟರಿಯಲ್ಲಿ ಇರುವಷ್ಟು ರೋಬೋ ಇಲ್ಲಿಲ್ಲ. ವೈರ್ ಎಳೆಯುವುದು ಕೈಯಲ್ಲಿ. ಗೋಡೆಗೆ ಪಿನ್ ಹೊಡೆಯುವುದು, ನೆಲಕ್ಕೆ ಸ್ಕ್ರೂ ಬಿಗಿಯುವುದು, ಚಾಸಿಯ ತೂತಿನಿಂದ ಕೇಬಲ್ ತೂರಿಸುವುದು ಎಲ್ಲವೂ ಕೈಕೆಲಸ. ಎಷ್ಟೋ ಕಡೆ ಕೂಲಿಯ ಲೆಕ್ಕ ಮಾಡಿದ ಗಾಡಿಗಳ ಮೇಲೆ. ಕೆಲಸಗಾರರು ನಿಪುಣರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಗೋಡೆ ಮುಚ್ಚಿದ ಮೇಲೆ ಒಳಗಿನ ವೈರ್‌ಗೆ ಒಂದು ಸ್ಕ್ರೂ ತಾಗಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಗಾಡಿ ರಸ್ತೆಯಲ್ಲಿ ಅಲುಗಾಡಿ, ಆ ಜಾಗ ಸವೆದು, ತಿಂಗಳುಗಳ ಮೇಲೆ ಕಿಡಿ ಹಾರಬಹುದು.

ಕೋವಿಡ್ ಸಮಯದಲ್ಲಿ ಬೇಡಿಕೆ ವಿಪರೀತ ಏರಿತು. ವಿಮಾನ, ಹೋಟೆಲ್ ಬೇಡ ಅಂದವರೆಲ್ಲ ಆರ್‌ವಿ ಕೊಂಡರು. 2021ರಲ್ಲಿ ಅಮೆರಿಕದ ಆರ್‌ವಿ ಉದ್ಯಮ 6 ಲಕ್ಷಕ್ಕೂ ಸ್ವಲ್ಪ ಹೆಚ್ಚು ಗಾಡಿಗಳನ್ನು ಹೊರಗೆ ಕಳಿಸಿತು. ಅದು ದಾಖಲೆ. ಅದರಲ್ಲಿ ಹೆಚ್ಚಿನವು ಕಾರಿಗೆ ಕಟ್ಟಿ ಎಳೆಯುವ ಟ್ರೈಲರ್‌ಗಳು, ಮೋಟರ್‌ಹೋಮ್‌ಗಳ ಪಾಲು ಸಣ್ಣದು. ಆದರೆ ಅದೇ ಊರು, ಅದೇ ಕೆಲಸಗಾರರು, ಅದೇ ಬಿಡಿಭಾಗ. ಆ ಕಾಲದ ಗಾಡಿಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿವೆ. ಕೊಳ್ಳುವವರು ಈ ವಿಷಯದಲ್ಲಿ ಕಣ್ಣು ತೆರೆದಿರಬೇಕು.

ಇನ್ನು ಕರೆಂಟಿನ ವಿಷಯ. ಮೋಟರ್‌ಹೋಮ್‌ನಲ್ಲಿ ಒಂದಲ್ಲ, ಮೂರು ವಿದ್ಯುತ್ ವ್ಯವಸ್ಥೆಗಳಿವೆ. ಎಂಜಿನ್ ಸ್ಟಾರ್ಟ್ ಮಾಡುವ ಚಾಸಿ ಬ್ಯಾಟರಿ ಒಂದು. ಮನೆಯ ದೀಪ, ಪಂಪು, ಫ್ಯಾನ್ ನಡೆಸುವ 12 ವೋಲ್ಟ್ ಹೌಸ್ ಬ್ಯಾಟರಿ ಇನ್ನೊಂದು. ಎಸಿ, ಮೈಕ್ರೋವೇವ್‌ಗೆ ಬೇಕಾದ 120 ವೋಲ್ಟ್ ಮೂರನೆಯದು. ಈ ಮೂರನೆಯದು ಕ್ಯಾಂಪ್‌ಗ್ರೌಂಡಿನ ಕಂಬದಿಂದಲೂ ಬರಬಹುದು, ಜನರೇಟರ್‌ನಿಂದಲೂ, ಇನ್ವರ್ಟರ್‌ನಿಂದಲೂ. ಯಾವಾಗ ಯಾವುದು ಅಂತ ನಿರ್ಧರಿಸಿ ಬದಲಾಯಿಸುವ ಪೆಟ್ಟಿಗೆಗೆ ಟ್ರಾನ್ಸ್‌ಫರ್ ಸ್ವಿಚ್ ಅನ್ನುತ್ತಾರೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಹೌಸ್ ಬ್ಯಾಟರಿಗೂ ಚಾರ್ಜ್ ಕೊಡುತ್ತದೆ. ಅಂದರೆ ಫೋರ್ಡ್‌ನವರ ವೈರ್ ಮತ್ತು ಬಾಡಿ ಕಟ್ಟಿದವರ ವೈರ್ ಅಲ್ಲಿ ಒಂದಾಗುತ್ತವೆ.

ರಿಕಾಲ್ ನೋಟಿಸುಗಳನ್ನು ಓದುತ್ತಾ ಹೋದರೆ ಒಂದೇ ಬಗೆಯ ಕಾರಣಗಳು ಮತ್ತೆ ಮತ್ತೆ ಬರುತ್ತವೆ. ಕೇಬಲ್ ಚಾಸಿಯ ಚೂಪು ಅಂಚಿಗೆ ಉಜ್ಜಿ ಮೇಲಿನ ಹೊದಿಕೆ ಹರಿದಿದೆ. ಬ್ಯಾಟರಿ ಹತ್ತಿರ ಫ್ಯೂಸ್ ಹಾಕುವುದು ಬಿಟ್ಟುಹೋಗಿದೆ. ಸಣ್ಣ ವೈರಿಗೆ ದೊಡ್ಡ ಫ್ಯೂಸ್ ಹಾಕಿದ್ದಾರೆ. ಟರ್ಮಿನಲ್ ಸ್ಕ್ರೂ ಸರಿಯಾಗಿ ಬಿಗಿದಿಲ್ಲ. ಅರ್ತಿಂಗ್ ವೈರ್ ಸೇರಿಸಿಲ್ಲ. ಇದರಲ್ಲಿ ಹೊಸ ತಂತ್ರಜ್ಞಾನದ ತಪ್ಪು ಯಾವುದೂ ಇಲ್ಲ. ಯಾವುದೇ ಒಳ್ಳೆಯ ಎಲೆಕ್ಟ್ರಿಷಿಯನ್ ಕಂಡ ಕೂಡಲೇ ಹೇಳುವಂಥ ತಪ್ಪುಗಳು.

ಇದರಲ್ಲಿ ಸಡಿಲ ಟರ್ಮಿನಲ್ ಎಷ್ಟು ಅಪಾಯಕಾರಿ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2000 ವಾಟ್‌ನ ಇನ್ವರ್ಟರ್ 12 ವೋಲ್ಟ್ ಬ್ಯಾಟರಿಯಿಂದ ಪೂರ್ತಿ ಲೋಡ್ ಎಳೆದರೆ ಕೇಬಲ್‌ನಲ್ಲಿ 165 ಆಂಪ್‌ಗೂ ಜಾಸ್ತಿ ಕರೆಂಟ್ ಹರಿಯುತ್ತದೆ. ನಮ್ಮ ಮನೆಯ ಗೀಸರ್ ಕೂಡ ಹತ್ತು ಹದಿನೈದು ಆಂಪ್ ದಾಟುವುದಿಲ್ಲ. ಈಗ ಬ್ಯಾಟರಿಯ ಬೋಲ್ಟ್ ಸ್ವಲ್ಪ ಸಡಿಲ ಅಂದುಕೊಳ್ಳಿ. ಆ ಜಾಯಿಂಟಿನ ರೆಸಿಸ್ಟೆನ್ಸ್ 0.005 ಓಮ್ ಅಂದುಕೊಳ್ಳಿ. ಸಾಧಾರಣ ಮೀಟರ್‌ನಲ್ಲಿ ಅದು ಕಾಣುವುದೂ ಇಲ್ಲ. 150 ಆಂಪ್ ಹರಿದರೆ ಆ ಒಂದು ಬೋಲ್ಟಿನ ಜಾಗದಲ್ಲಿ 112 ವಾಟ್ ಶಾಖ ಹುಟ್ಟುತ್ತದೆ. ಹಳೆಯ ಕಾಲದ 100 ವಾಟ್ ಬಲ್ಬನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಉರಿಸಿಟ್ಟ ಹಾಗೆ.

ಹಾಗಾದರೆ ಫ್ಯೂಸ್ ಹಾರುವುದಿಲ್ಲವೇ? ಹಾರುವುದಿಲ್ಲ. ಫ್ಯೂಸ್ ನೋಡುವುದು ಕರೆಂಟ್ ಮಿತಿ ಮೀರಿತೇ ಅಂತ ಮಾತ್ರ. ಇಲ್ಲಿ ಕರೆಂಟ್ ಮಿತಿಯೊಳಗೇ ಇದೆ, ಬಿಸಿಯಾಗುತ್ತಿರುವುದು ಜಾಯಿಂಟು. ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗಿ ಬೋಲ್ಟು ಇನ್ನಷ್ಟು ಸಡಿಲವಾಗುತ್ತದೆ. ರೆಸಿಸ್ಟೆನ್ಸ್ ಏರುತ್ತದೆ, ಶಾಖ ಏರುತ್ತದೆ. ಕೇಬಲ್ ತುದಿಯ ಪ್ಲಾಸ್ಟಿಕ್ ಮೊದಲು ಕಂದು ಬಣ್ಣಕ್ಕೆ ತಿರುಗಿ, ಆಮೇಲೆ ಸುಕ್ಕುಗಟ್ಟಿ, ಸುಟ್ಟ ಮೀನಿನಂಥ ಒಂದು ವಾಸನೆ ಬರುತ್ತದೆ. ಎಷ್ಟೋ ಮೋಟರ್‌ಹೋಮ್‌ಗಳಲ್ಲಿ ಈ ಬ್ಯಾಟರಿ ಇರುವುದು ಹತ್ತುವ ಮೆಟ್ಟಿಲ ಕೆಳಗೆ. ಅಂದರೆ ಬೆಂಕಿ ಹತ್ತಿದರೆ ಹೊರಗೆ ಓಡುವ ದಾರಿಯಲ್ಲೇ.

ಸಡಿಲ ಟರ್ಮಿನಲ್ ಬಗ್ಗೆ ರಿಕಾಲ್ ಪತ್ರ ಬಂದಾಗ ಜನ "ಒಂದು ಸ್ಕ್ರೂ ಬಿಗಿಯೋದಕ್ಕೆ ಇಷ್ಟೊಂದು ರಾದ್ಧಾಂತವಾ" ಅಂತ ಬದಿಗಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನಿಯಮಗಳಿಲ್ಲ ಅಂತಲ್ಲ. ಆರ್‌ವಿಗಳಿಗೆ ಎನ್‌ಎಫ್‌ಪಿಎ 1192 ಅನ್ನುವ ಅಗ್ನಿ ಸುರಕ್ಷತೆಯ ಮಾನದಂಡವಿದೆ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 551ನೇ ವಿಧಿ ಪೂರ್ತಿ ಆರ್‌ವಿಗಳ ಬಗ್ಗೆಯೇ ಇದೆ. ಬ್ಯಾಟರಿಯಿಂದ ಹೊರಡುವ ವೈರಿಗೆ 18 ಇಂಚಿನೊಳಗೆ ಫ್ಯೂಸ್ ಅಥವಾ ಬ್ರೇಕರ್ ಇರಬೇಕು ಅನ್ನುವಷ್ಟು ವಿವರವಾಗಿ ಬರೆದಿದ್ದಾರೆ. ಉದ್ಯಮದ ಸಂಘ ಬಾಗಿಲ ಬಳಿ ತನ್ನ ಮುದ್ರೆಯನ್ನೂ ಅಂಟಿಸುತ್ತದೆ. ಆದರೆ ಆ ಮುದ್ರೆ ಇದ್ದ ಮಾತ್ರಕ್ಕೆ ನಿಮ್ಮ ಗಾಡಿಯ ಪ್ರತಿಯೊಂದು ಸ್ಕ್ರೂ ಯಾರೋ ಮುಟ್ಟಿ ನೋಡಿದ್ದಾರೆ ಅಂತ ಅರ್ಥವಲ್ಲ.

ಸರಬರಾಜುದಾರರ ಮಾಲು ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಫ್ರಿಜ್‌ಗಳ ಕಥೆ ನೋಡಬೇಕು. ಆರ್‌ವಿಗಳಲ್ಲಿ ಬಹುಕಾಲ ಬಳಸಿದ್ದು ಕಂಪ್ರೆಸರ್ ಇಲ್ಲದ ಫ್ರಿಜ್. ಅದರ ಹಿಂದೆ ಒಂದು ಕೊಳವೆಯಲ್ಲಿ ಅಮೋನಿಯಾ, ನೀರು, ಹೈಡ್ರೋಜನ್ ಇರುತ್ತವೆ. ಕೊಳವೆಯ ಬುಡವನ್ನು ಗ್ಯಾಸ್ ಜ್ವಾಲೆ ಅಥವಾ ಕರೆಂಟಿನ ಹೀಟರ್ ಕಾಯಿಸುತ್ತದೆ. ಆ ಕೊಳವೆಯಲ್ಲಿ ಬಿರುಕು ಬಿಟ್ಟರೆ ಹತ್ತಿಕೊಳ್ಳುವ ಅನಿಲ ಬಿಸಿ ಜಾಗದಲ್ಲೇ ಸೋರುತ್ತದೆ. ಈ ಕಾರಣಕ್ಕೆ ಡೊಮೆಟಿಕ್ ಕಂಪನಿ 2006ರಲ್ಲಿ 9 ಲಕ್ಷಕ್ಕೂ ಹೆಚ್ಚು ಫ್ರಿಜ್‌ಗಳನ್ನು ರಿಕಾಲ್ ಮಾಡಿತು. ಅವು 1997ರಿಂದ 2003ರ ನಡುವೆ ತಯಾರಾದವು. 2008ರಲ್ಲಿ ಪಟ್ಟಿ ಇನ್ನೂ ಬೆಳೆಯಿತು. ನಾರ್‌ಕೋಲ್ಡ್ ಕಂಪನಿಯ 1200 ಸರಣಿಯ ಫ್ರಿಜ್‌ಗಳಿಗೂ 2010ರಲ್ಲಿ ದೊಡ್ಡ ರಿಕಾಲ್ ಆಯಿತು. ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಸೆನ್ಸರ್ ಹಾಕುವುದು ಅದರ ಪರಿಹಾರ. ಅದು ಸಾಲದು ಅಂತ ಮಾಲೀಕರು ಕೋರ್ಟಿಗೆ ಹೋದರು. ಕೊನೆಗೆ 3.6 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು.

ಫ್ರಿಜ್ ಕಂಪನಿ ಬಿಡಿಭಾಗದ ರಿಕಾಲ್ ಅಂತ ಒಂದು ನಂಬರ್ ಪಡೆಯುತ್ತದೆ. ಆ ಫ್ರಿಜ್ ಕೂರಿಸಿದ ಮೋಟರ್‌ಹೋಮ್ ಕಂಪನಿಗಳು ತಮ್ಮ ತಮ್ಮ ಹೆಸರಿನಲ್ಲಿ ಬೇರೆ ನಂಬರ್ ಪಡೆಯುತ್ತವೆ. ಒಂದೇ ಬಿರುಕು, ನಾಲ್ಕಾರು ರಿಕಾಲ್. ಬಾಡಿ ಕಟ್ಟಿದ ಕಂಪನಿ ಮಧ್ಯೆ ಮುಚ್ಚಿಹೋಗಿದ್ದರೆ? 2008ರ ಆರ್ಥಿಕ ಕುಸಿತದಲ್ಲಿ ಹಲವು ಕಂಪನಿಗಳು ದಿವಾಳಿಯಾದವು. ಆಗ ಮಾಲೀಕರ ವಿಳಾಸದ ಪಟ್ಟಿಯೇ ಕಳೆದುಹೋಗುತ್ತದೆ.

ಕಾನೂನಿನ ನಡೆ ಹೀಗಿದೆ. ದೋಷವಿದೆ ಅಂತ ಕಂಪನಿ ತೀರ್ಮಾನಿಸಿದ ಮೇಲೆ ಐದು ಕೆಲಸದ ದಿನಗಳಲ್ಲಿ ಇಲಾಖೆಗೆ ತಿಳಿಸಬೇಕು. ಅಲ್ಲಿಂದ 60 ದಿನದೊಳಗೆ ಮಾಲೀಕರಿಗೆ ಪತ್ರ ಹೋಗಬೇಕು. ರಿಪೇರಿ ಪುಕ್ಕಟೆ. ಬಿಡಿಭಾಗ ಸಿದ್ಧವಿಲ್ಲದಿದ್ದರೆ ಮೊದಲು ಎಚ್ಚರಿಕೆಯ ಪತ್ರ, ಆಮೇಲೆ ಇನ್ನೊಂದು. ಪುಕ್ಕಟೆ ರಿಪೇರಿಯ ಕಡ್ಡಾಯ ಗಾಡಿ ಮೊದಲು ಮಾರಾಟವಾಗಿ 15 ವರ್ಷ ಆಗುವವರೆಗೆ. ಮೊದಲು 10 ವರ್ಷ ಇತ್ತು, 2015ರ ಕಾಯ್ದೆ ಏರಿಸಿತು. ಕಾರಿಗೆ 15 ವರ್ಷ ಸಾಕು. ಮೋಟರ್‌ಹೋಮ್ ವರ್ಷದಲ್ಲಿ ಕೆಲವೇ ವಾರ ಓಡುತ್ತದೆ, 25 ವರ್ಷ ಹಳೆಯ ಗಾಡಿಗಳು ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಧಾರಾಳವಾಗಿ ಕಾಣುತ್ತವೆ. ವೈರಿನ ಹೊದಿಕೆ ಒಣಗಿ ಬಿರಿಯುವ ವಯಸ್ಸು ಅದು. ಆ ವಯಸ್ಸಿಗೆ ಕಾನೂನಿನ ರಕ್ಷಣೆ ಮುಗಿದಿರುತ್ತದೆ.

ಇದಕ್ಕಿಂತ ದೊಡ್ಡ ತೂತು ನಂಬರ್ ಹುಡುಕಾಟದಲ್ಲಿದೆ. ಪ್ರತಿ ಗಾಡಿಗೂ 17 ಅಂಕಿ-ಅಕ್ಷರಗಳ ಗುರುತಿನ ನಂಬರ್, ಅಂದರೆ ವಿಐಎನ್, ಇರುತ್ತದೆ. ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ರಿಪೇರಿಯಾಗದೆ ಉಳಿದ ರಿಕಾಲ್ ಕಾಣಿಸುತ್ತದೆ. ಆದರೆ ಹೀಗೆ ನಂಬರ್ ಪ್ರಕಾರ ಮಾಹಿತಿ ಕೊಡುವ ಕಡ್ಡಾಯ ಇರುವುದು ವರ್ಷಕ್ಕೆ 25,000 ಅಥವಾ ಅದಕ್ಕಿಂತ ಹೆಚ್ಚು ಲಘು ವಾಹನ ಮಾಡುವ ಕಂಪನಿಗಳಿಗೆ. ಸಣ್ಣ ತಯಾರಕರು ಅದರಲ್ಲಿ ಸೇರುವುದಿಲ್ಲ. ಇ-450 ಮೇಲೆ ಕಟ್ಟಿದ ಮೋಟರ್‌ಹೋಮ್‌ನ ವಿಐಎನ್ ಕೊಟ್ಟಿದ್ದು ಫೋರ್ಡ್. ಹಾಗಾಗಿ ಹುಡುಕಿದಾಗ ಫೋರ್ಡ್‌ನ ರಿಕಾಲ್ ಕಾಣುತ್ತದೆ, ಮನೆಯ ವೈರಿಂಗ್‌ನ ರಿಕಾಲ್ ಕಾಣದೆ ಹೋಗಬಹುದು. "ಯಾವ ರಿಕಾಲೂ ಇಲ್ಲ" ಅಂತ ಪರದೆ ಮೇಲೆ ಬಂದರೆ ಜನ ನಿಟ್ಟುಸಿರು ಬಿಟ್ಟು ಪ್ರಯಾಣಕ್ಕೆ ಹೊರಡುತ್ತಾರೆ. ಸುಳ್ಳು ಧೈರ್ಯ ಅಂದರೆ ಇದೇ ಅಲ್ವಾ?

ಅದೇ ವೆಬ್‌ಸೈಟಿನಲ್ಲಿ ವರ್ಷ, ಕಂಪನಿ, ಮಾದರಿ ಹಾಕಿಯೂ ಹುಡುಕಬಹುದು. ಮೋಟರ್‌ಹೋಮ್‌ಗೆ ಅದನ್ನು ಎರಡು ಸಲ ಮಾಡಬೇಕು. ಒಮ್ಮೆ ಚಾಸಿಯ ಹೆಸರಿನಲ್ಲಿ, ಒಮ್ಮೆ ಬಾಡಿ ಕಟ್ಟಿದವರ ಹೆಸರಿನಲ್ಲಿ. ಎರಡರ ತಯಾರಿಕೆ ವರ್ಷ ಬೇರೆ ಇರಬಹುದು, ಅದನ್ನೂ ಗಮನಿಸಬೇಕು. 2022ರ ಮೋಟರ್‌ಹೋಮ್ ಅಂತ ಮಾರಿದ್ದು 2021ರ ಚಾಸಿ ಮೇಲಿರಬಹುದು. ಚಾಲಕನ ಬಾಗಿಲ ಹತ್ತಿರದ ಲೇಬಲ್‌ಗಳಲ್ಲಿ ಎರಡೂ ಸಿಗುತ್ತವೆ.

ಕಂಪನಿಗಳು ತಾವಾಗಿಯೇ ಎಲ್ಲವನ್ನೂ ಹೇಳಿಬಿಡುತ್ತವೆ ಅಂತ ನಂಬಿ ಕೂರುವಂತೆಯೂ ಇಲ್ಲ. ಬರ್ಕ್‌ಶೈರ್ ಹ್ಯಾತವೇ ಒಡೆತನದ ಫಾರೆಸ್ಟ್ ರಿವರ್ ಈ ಉದ್ಯಮದ ದೊಡ್ಡ ಹೆಸರುಗಳಲ್ಲಿ ಒಂದು. ಸುರಕ್ಷತಾ ಮಾಹಿತಿಯನ್ನು ಇಲಾಖೆಗೆ ಸರಿಯಾಗಿ ಕೊಡದ ಕಾರಣಕ್ಕೆ ಅದು 2015ರಲ್ಲಿ 3.5 ಕೋಟಿ ಡಾಲರ್‌ವರೆಗಿನ ದಂಡದ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಅಷ್ಟು ದೊಡ್ಡ ಕಂಪನಿಯ ಕಥೆಯೇ ಹೀಗಾದರೆ ಸಣ್ಣವರನ್ನು ಯಾರು ನೋಡುತ್ತಾರೆ?

ಈಗ ಬಾಡಿಗೆ ಗಾಡಿಗಳಿಗೆ ಬರೋಣ. ನಮ್ಮವರಿಗೆ ಇದೇ ಹೆಚ್ಚು ಸಂಬಂಧಪಟ್ಟದ್ದು. ಬೇಸಿಗೆ ರಜೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬಂದಾಗ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಸುತ್ತುವ ಕನ್ನಡಿಗರು ಇದ್ದಾರೆ. ಒಳಗೇ ಅಡುಗೆ, ವಯಸ್ಸಾದವರಿಗೆ ಶೌಚಾಲಯ, ಮಲಗಲು ಜಾಗ. ಅನುಕೂಲ ನಿಜಕ್ಕೂ ದೊಡ್ಡದು.

2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ಕಾರಿಗೆ ಬೆಂಕಿ ಹತ್ತಿ ಇಬ್ಬರು ಅಕ್ಕತಂಗಿಯರು ಸತ್ತರು. ಆ ಕಾರಿಗೆ ರಿಕಾಲ್ ಆಗಿತ್ತು, ರಿಪೇರಿ ಮಾಡಿಸದೆ ಬಾಡಿಗೆಗೆ ಕೊಟ್ಟಿದ್ದರು. ಅವರ ತಾಯಿ ವರ್ಷಗಟ್ಟಲೆ ಹೋರಾಡಿದರು. 2015ರಲ್ಲಿ ಕಾನೂನು ಬಂತು, 2016ರಿಂದ ಜಾರಿ: ರಿಕಾಲ್ ಬಾಕಿ ಇರುವ ಗಾಡಿಯನ್ನು ಬಾಡಿಗೆಗೆ ಕೊಡುವಂತಿಲ್ಲ. ಆದರೆ ಇದು ಅನ್ವಯಿಸುವುದು 35ಕ್ಕಿಂತ ಕಡಿಮೆಯಿಲ್ಲದಷ್ಟು ಬಾಡಿಗೆ ಗಾಡಿ ಇಟ್ಟುಕೊಂಡವರಿಗೆ. ಅದೂ ಲೋಡ್ ಸೇರಿ ಒಟ್ಟು ತೂಕ 10,000 ಪೌಂಡ್, ಅಂದರೆ ಸುಮಾರು 4,500 ಕೆಜಿ, ಮೀರದ ಗಾಡಿಗಳಿಗೆ.

ಇ-450 ಮೇಲಿನ ಮೋಟರ್‌ಹೋಮ್‌ನ ಒಟ್ಟು ತೂಕ 14,500 ಪೌಂಡ್. ಕಾನೂನಿಗೆ ಅದು ಹೊರಗಿನದು. ಕುಟುಂಬಗಳು ಬಾಡಿಗೆಗೆ ಹಿಡಿಯುವ, ಡ್ರೈವರ್ ಸೀಟಿನ ಮೇಲೆ ಹಾಸಿಗೆ ಇರುವ ಗಾಡಿಗಳಲ್ಲಿ ಹೆಚ್ಚಿನವು ಇದೇ ಬಗೆಯವು. ಆ್ಯಪ್ ಮೂಲಕ ತಮ್ಮ ಸ್ವಂತ ಗಾಡಿಯನ್ನು ಬಾಡಿಗೆಗೆ ಬಿಡುವವರ ಹತ್ತಿರ ಇರುವುದು ಒಂದೋ ಎರಡೋ. ಅವರೂ ಹೊರಗೆ. ಹೀಗೆ ಗ್ಯಾಸ್ ಇಲ್ಲದ, ಯಾರೂ ಮಲಗದ ಪುಟ್ಟ ಕಾರಿಗೆ ರಕ್ಷಣೆ ಇದೆ. ಆರು ಜನ ಮಲಗುವ ಗಾಡಿಗೆ ಇಲ್ಲ. ಈ ತೂಕದ ಗೆರೆಯನ್ನು ಮೋಟರ್‌ಹೋಮ್‌ಗಳಿಗೆ ತೆಗೆದುಹಾಕಬೇಕು. ಇದನ್ನು ಮುಂದೂಡಲು ಒಂದೇ ಒಂದು ಒಳ್ಳೆಯ ಕಾರಣವೂ ನನಗೆ ಕಾಣುವುದಿಲ್ಲ.

ಅಲ್ಲಿಯವರೆಗೆ ಬಾಡಿಗೆಗೆ ಹಿಡಿಯುವವರೇ ಕೇಳಬೇಕು. ಬುಕ್ ಮಾಡುವ ಮೊದಲು ಚಾಸಿ ಯಾವುದು, ಬಾಡಿ ಯಾರದ್ದು, ಎರಡರ ವರ್ಷ ಎಷ್ಟು ಅಂತ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಕಿ ರಿಕಾಲ್ ಕಂಡರೆ ರಿಪೇರಿಯ ರಸೀದಿ ಕೇಳಿ. ಗಾಡಿ ಕೈಗೆ ಬಂದಾಗ ಕಂಬಕ್ಕೆ ಚುಚ್ಚುವ ಪ್ಲಗ್ ನೋಡಿ, ಪಿನ್ ಕಪ್ಪಾಗಿದ್ದರೆ ಅಥವಾ ಪ್ಲಾಸ್ಟಿಕ್ ಕರಗಿದ್ದರೆ ತೆಗೆದುಕೊಳ್ಳಬೇಡಿ. ಹೊರಗಿನ ಲೋಹದ ಹಿಡಿಕೆ ಮುಟ್ಟಿದಾಗ ಸಣ್ಣಗೆ ಶಾಕ್ ಹೊಡೆದರೆ ಅರ್ತಿಂಗ್ ಕೆಟ್ಟಿದೆ ಅಂತ ಅರ್ಥ. ತಕ್ಷಣ ಕಂಬದ ಬ್ರೇಕರ್ ಆಫ್ ಮಾಡಿಸಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತ ಮಗು ಮುಟ್ಟಿದರೆ ಜೀವಕ್ಕೇ ಕುತ್ತು. ಬ್ಯಾಟರಿ ಕಟಾಫ್ ಸ್ವಿಚ್ ಒತ್ತಿದರೆ ಎಲ್ಲ ಕರೆಂಟೂ ನಿಂತಿತು ಅಂದುಕೊಳ್ಳಬೇಡಿ. ಗ್ಯಾಸ್ ಡಿಟೆಕ್ಟರ್‌ನಂಥ ಕೆಲವಕ್ಕೆ ನೇರ ವೈರ್ ಇರುತ್ತದೆ. ಚಾವಣಿಯ ಸೋಲಾರ್ ಪ್ಯಾನೆಲ್ ಬಿಸಿಲಿರುವಷ್ಟು ಹೊತ್ತು ಕರೆಂಟ್ ಕೊಡುತ್ತಲೇ ಇರುತ್ತದೆ.

ನಮ್ಮ ದೇಶದಲ್ಲಿ ಈ ಗಾಡಿಗಳಿಗೆ ಕ್ಯಾರವಾನ್ ಅನ್ನುತ್ತೇವೆ. ಸಿನಿಮಾ ಶೂಟಿಂಗ್‌ನಿಂದ ಪರಿಚಿತವಾದ ಹೆಸರು. ಈಗ ಪ್ರವಾಸಕ್ಕೂ ಬಂದಿವೆ. ಕೇರಳ 2021ರಲ್ಲಿ 'ಕೆರವಾನ್' ಯೋಜನೆ ತಂದಿತು. ಬೆಂಗಳೂರಿನಿಂದಲೂ ಬಾಡಿಗೆಗೆ ಸಿಗುತ್ತವೆ. ಸಂಖ್ಯೆ ಸಣ್ಣದು. ಆದರೆ ಕಟ್ಟುವ ಕ್ರಮ ಎಲ್ಕ್‌ಹಾರ್ಟ್‌ನದ್ದೇ: ಚಾಸಿ ಒಬ್ಬರದು, ಬಾಡಿ ಇನ್ನೊಬ್ಬರದು, ಎಸಿ ಮತ್ತು ಇನ್ವರ್ಟರ್ ಮತ್ತೊಬ್ಬರದು. ನಮ್ಮ ಸ್ಲೀಪರ್ ಬಸ್ಸುಗಳೂ ಹೀಗೇ ತಯಾರಾಗುತ್ತವೆ. 2025ರ ಅಕ್ಟೋಬರ್ 14ರಂದು ರಾಜಸ್ಥಾನದ ಜೈಸಲ್ಮೇರ್ ಹತ್ತಿರ ಎಸಿ ಸ್ಲೀಪರ್ ಬಸ್ ಹೊತ್ತಿ ಉರಿದು 20ಕ್ಕೂ ಹೆಚ್ಚು ಜನ ಸತ್ತರು. ಎಸಿ ವೈರಿಂಗ್‌ನ ಶಾರ್ಟ್ ಸರ್ಕ್ಯೂಟ್ ಇರಬಹುದು ಅನ್ನುವ ಶಂಕೆ ಮೊದಲ ದಿನಗಳಲ್ಲೇ ಕೇಳಿಬಂತು.

ಭಾರತದಲ್ಲೂ ರಿಕಾಲ್ ಕಾನೂನಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಸೆಕ್ಷನ್ ಸರ್ಕಾರಕ್ಕೆ ಆ ಅಧಿಕಾರ ಕೊಟ್ಟಿತು. 2021ರ ಏಪ್ರಿಲ್ 1ರಿಂದ ನಿಯಮಗಳು ಬಂದವು. ಗಾಡಿಗೆ 7 ವರ್ಷ ಮೀರಿರಬಾರದು. ಪಾಲಿಸದ ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ಒಂದು ಮಾದರಿಯ ಗಾಡಿಗಳಲ್ಲಿ ಇಂತಿಷ್ಟು ಪಾಲು ಮಾಲೀಕರು ದೂರು ಕೊಟ್ಟರೆ ಸರ್ಕಾರ ರಿಕಾಲ್‌ಗೆ ಹೇಳಬಹುದು. ಲಕ್ಷಗಟ್ಟಲೆ ಮಾರುವ ಕಾರಿಗೆ ಈ ಲೆಕ್ಕ ಸರಿ. ವರ್ಷಕ್ಕೆ ಬೆರಳೆಣಿಕೆಯಷ್ಟು ಕ್ಯಾರವಾನ್ ಕಟ್ಟುವ, ಒಂದೊಂದನ್ನೂ ಗಿರಾಕಿ ಕೇಳಿದಂತೆ ಬೇರೆ ಬೇರೆ ಮಾಡುವ ಶೆಡ್ಡಿಗೆ ಇದನ್ನು ಹೇಗೆ ಅನ್ವಯಿಸುವುದು? ಅಲ್ಲಿ "ಮಾದರಿ" ಅನ್ನುವುದೇ ಇಲ್ಲ.

ಕ್ಯಾರವಾನ್‌ಗಳಿಗೆ ಎಐಎಸ್-124 ಅನ್ನುವ ಮಾನದಂಡ ನಮ್ಮಲ್ಲಿದೆ. ಅದರ ಜೊತೆಗೆ ಇನ್ನೊಂದು ಕೆಲಸ ಆಗಬೇಕು. ಗಾಡಿ ನೋಂದಣಿ ಮಾಡುವಾಗ ಚಾಸಿ ನಂಬರಿನ ಪಕ್ಕದಲ್ಲಿ ಬಾಡಿ ಕಟ್ಟಿದವರು, ವೈರಿಂಗ್ ಮಾಡಿದವರು, ಇನ್ವರ್ಟರ್ ಮತ್ತು ಬ್ಯಾಟರಿಯ ತಯಾರಕರು ಯಾರು ಅಂತ ವಾಹನ್ ಪೋರ್ಟಲ್‌ನಲ್ಲಿ ಬರೆದಿಡಬೇಕು. ಆರ್‌ಟಿಒ ಕಚೇರಿಯಲ್ಲಿ ನಾಲ್ಕು ಸಾಲು ಹೆಚ್ಚು ತುಂಬಿಸುವ ಕೆಲಸ ಅದು. ನಾಳೆ ಯಾವುದಾದರೂ ಬ್ಯಾಟರಿಯಲ್ಲಿ ದೋಷ ಸಿಕ್ಕರೆ, ಅದು ಯಾವ ಯಾವ ಗಾಡಿಯಲ್ಲಿದೆ, ಈಗಿನ ಮಾಲೀಕರು ಯಾರು ಅಂತ ಒಂದೇ ಹುಡುಕಾಟದಲ್ಲಿ ಗೊತ್ತಾಗುತ್ತದೆ. ಗಾಡಿಗಳು ಇನ್ನೂ ಕಡಿಮೆ ಇರುವಾಗಲೇ ಇದನ್ನು ಶುರು ಮಾಡುವುದು ಸುಲಭ.